ಕೈಗೆ ಬಂದ ಮೌಲ್ಯಕ್ಕೆ ಹೊಣೆ ಯಾರು? ಪ್ಯಾರಾಮೀಟರ್ ಇಂಜೆಕ್ಷನ್ ಕುರಿತ ಒಂದು ಪ್ರಾತ್ಯಕ್ಷಿಕೆ ಪಾಠ

ವೆಬ್ ಸೇವೆಗಳ ಪಾಠದಲ್ಲಿ ಪ್ಯಾರಾಮೀಟರ್ ಇಂಜೆಕ್ಷನ್ ಅನ್ನು ಕೋಡ್ ಬರೆಯುವ ಶ್ರಮ ಉಳಿಸುವ ಸೌಲಭ್ಯ ಎಂದು ಪರಿಚಯಿಸುವುದು ರೂಢಿ. ಅಷ್ಟಕ್ಕೇ ನಿಲ್ಲಿಸಿದರೆ ವಿದ್ಯಾರ್ಥಿಗಳು ಅನೊಟೇಷನ್‌ಗಳ ಹೆಸರುಗಳನ್ನು ಬಾಯಿಪಾಠ ಮಾಡುತ್ತಾರೆ. ಈ ಮೌಲ್ಯವನ್ನು ಕೊಟ್ಟವರು ಯಾರು, ಅದಕ್ಕೆ ಹೊಣೆ ಯಾರು ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಗಣಕ ವಿಜ್ಞಾನ ಬೋಧನಾ ವಿಧಾನದ ಪ್ರಶಿಕ್ಷಣಾರ್ಥಿಗಳಿಗೆ ನಾನು ಮಾಡಿದ 45 ನಿಮಿಷಗಳ ಪ್ರಾತ್ಯಕ್ಷಿಕೆ ಪಾಠವನ್ನು ಈ ಪ್ರಶ್ನೆಯ ಸುತ್ತಲೇ ಕಟ್ಟಿದ್ದೆ.

ಪೂರ್ವಜ್ಞಾನ

ಜಾವಾ ಭಾಷೆಯ ಕ್ಲಾಸ್, ಮೆಥಡ್, ಅನೊಟೇಷನ್. ಎಚ್‌ಟಿಟಿಪಿ ವಿನಂತಿಯ ವಿಳಾಸ, ಹೆಡರ್ ಮತ್ತು ಒಡಲು.

ಉದ್ದೇಶಗಳು

1. ಗ್ರಾಹಕ ಕಳುಹಿಸಿದ ಮೌಲ್ಯವನ್ನೂ ಸರ್ವರ್ ನಿರ್ಧರಿಸಿದ ಮೌಲ್ಯವನ್ನೂ ವಿದ್ಯಾರ್ಥಿಯು ಬೇರ್ಪಡಿಸಿ ತೋರಿಸುವನು.
2. ನಮ್ಮದೇ ಅನೊಟೇಷನ್‌ನ ಮೂಲಕ ಮೌಲ್ಯ ಮೆಥಡ್‌ಗೆ ತಲುಪುವ ಬಗೆಯನ್ನು ಹಂತಹಂತವಾಗಿ ವಿವರಿಸುವನು.

ಹಂತ 1: ಅರ್ಜಿ ನಮೂನೆ (10 ನಿಮಿಷ)

ಅಂಕಪಟ್ಟಿಯ ನಕಲು ಕೋರುವ ಅರ್ಜಿಯೊಂದನ್ನು ಎಲ್ಲರಿಗೂ ಹಂಚಿದೆ. ಅರ್ಜಿದಾರ ತುಂಬುವ ಜಾಗಗಳಿಗೆ ಒಂದು ಬಣ್ಣ, ಕಚೇರಿ ತುಂಬುವ ಜಾಗಗಳಿಗೆ ಇನ್ನೊಂದು ಬಣ್ಣ ಹಚ್ಚಲು ಹೇಳಿದೆ. ಹೆಸರು, ತರಗತಿ, ಕಾರಣ ಇವು ಅರ್ಜಿದಾರನವು. ಆವಕ ಸಂಖ್ಯೆ, ದಿನಾಂಕದ ಸೀಲು ಕಚೇರಿಯವು. ಆವಕ ಸಂಖ್ಯೆಯನ್ನೂ ಅರ್ಜಿದಾರನೇ ಬರೆದುಕೊಳ್ಳಲಿ ಎಂದರೆ ಏನಾಗುತ್ತದೆ ಎಂದು ಕೇಳಿದೆ. ಇಡೀ ಪಾಠದ ತಿರುಳು ಆ ಚರ್ಚೆಯಲ್ಲೇ ಇತ್ತು.

ಹಂತ 2: ಅರ್ಜಿದಾರನ ಜಾಗಗಳು (10 ನಿಮಿಷ)

ಜಾವಾದಲ್ಲಿ ರೆಸ್ಟ್ ಸೇವೆ ಬರೆಯುವ ಜಾಕ್ಸ್-ಆರ್‌ಎಸ್ ನಿಯಮಾವಳಿಯನ್ನೂ, ಅದನ್ನು ಜಾರಿಗೊಳಿಸುವ ಜರ್ಸಿ ಎಂಬ ಫ್ರೇಮ್‌ವರ್ಕನ್ನೂ ಆರಿಸಿಕೊಂಡೆ. ಪಾತ್‌ಪ್ಯಾರಮ್, ಕ್ವೆರಿಪ್ಯಾರಮ್, ಹೆಡರ್‌ಪ್ಯಾರಮ್ ಇವೆಲ್ಲ ವಿನಂತಿಯಲ್ಲಿರುವ ಪಠ್ಯವನ್ನು ಎತ್ತಿ ಮೆಥಡ್‌ಗೆ ಕೊಡುತ್ತವೆ. ಪಠ್ಯವನ್ನು ನಮ್ಮದೇ ಕ್ಲಾಸ್‌ನ ವಸ್ತುವಾಗಿ ಬದಲಿಸಬೇಕಿದ್ದರೆ ಆ ಕ್ಲಾಸ್‌ಗೆ ಒಂದೇ ಸ್ಟ್ರಿಂಗ್ ತೆಗೆದುಕೊಳ್ಳುವ ಕನ್‌ಸ್ಟ್ರಕ್ಟರ್ ಇರಬೇಕು, ಇಲ್ಲವೇ ವ್ಯಾಲ್ಯೂಆಫ್ ಅಥವಾ ಫ್ರಮ್‌ಸ್ಟ್ರಿಂಗ್ ಎಂಬ ಸ್ಟ್ಯಾಟಿಕ್ ಮೆಥಡ್ ಇರಬೇಕು. ಕ್ಲಾಸನ್ನು ತಿದ್ದುವ ಅವಕಾಶವಿಲ್ಲದಿದ್ದರೆ 2013ರ 2.0 ಆವೃತ್ತಿಯಲ್ಲಿ ಬಂದ ಪ್ಯಾರಮ್‌ಕನ್ವರ್ಟರ್ ನೆರವಾಗುತ್ತದೆ.

ಇಲ್ಲಿ ಊಹೆಯ ಪ್ರಶ್ನೆಯೊಂದನ್ನು ಕೇಳಬಹುದು. ಸಂಖ್ಯೆ ಇರಬೇಕಾದಲ್ಲಿ ಅಕ್ಷರ ಬಂದರೆ ಉತ್ತರದ ಸಂಕೇತ ಯಾವುದು? ಬಹುತೇಕರು 400 ಎಂದರು. ನಿಯಮಾವಳಿಯ ಪ್ರಕಾರ ವಿಳಾಸದ ಭಾಗದಲ್ಲೋ ಕ್ವೆರಿಯಲ್ಲೋ ತಪ್ಪಿದ್ದರೆ 404, ಹೆಡರ್ ಅಥವಾ ಕುಕಿಯಲ್ಲಿ ತಪ್ಪಿದ್ದರೆ 400. ಕ್ವೆರಿಯೂ ವಿಳಾಸದ ಭಾಗವೇ. ಅಂಥ ವಿಳಾಸವೇ ಇಲ್ಲ ಎಂದು ಸರ್ವರ್ ಹೇಳುತ್ತಿದೆ ಎಂದು ವಿವರಿಸಿದಾಗ ಅವರಿಗೆ ಒಪ್ಪಿಗೆಯಾಯಿತು.

ಹಂತ 3: ಕಚೇರಿಯ ಜಾಗ (15 ನಿಮಿಷ)

ಅಂಕ ತೋರಿಸುವ ಸೇವೆಯೊಂದು ನೋಂದಣಿ ಸಂಖ್ಯೆಯನ್ನು ಕ್ವೆರಿಯಿಂದ ಪಡೆಯುತ್ತದೆ ಎಂದುಕೊಳ್ಳೋಣ. 27 ಇದ್ದಲ್ಲಿ 28 ಎಂದು ಬರೆದರೆ ಪಕ್ಕದವರ ಅಂಕಗಳು ಕಾಣುತ್ತವೆ. ಪಠ್ಯ ಸರಿಯಾಗಿ ಸಂಖ್ಯೆಯಾಗಿದೆ, ದೋಷಸಂದೇಶವೂ ಇಲ್ಲ. ಆದರೂ ಗುಟ್ಟು ರಟ್ಟಾಗಿದೆ. ಓವಾಸ್ಪ್ ಸಂಸ್ಥೆ 2019ರಲ್ಲೂ 2023ರಲ್ಲೂ ಪ್ರಕಟಿಸಿದ ಎಪಿಐ ಅಪಾಯಗಳ ಪಟ್ಟಿಗಳಲ್ಲಿ ಮೊದಲ ಸ್ಥಾನ ಈ ಬಗೆಯ ದೋಷಕ್ಕೇ ಇದೆ.

ಇದಕ್ಕೆ ಪರಿಹಾರವಾಗಿ ‘ಪ್ರಸ್ತುತ ವಿದ್ಯಾರ್ಥಿ’ ಎಂಬ ನಮ್ಮದೇ ಅನೊಟೇಷನ್ ಮಾಡಿದೆವು. ಅದು ಕಾರ್ಯಕ್ರಮ ನಡೆಯುವಾಗಲೂ ಉಳಿದಿರಬೇಕೆಂದು ಘೋಷಿಸುವುದು ಕಡ್ಡಾಯ. ಇಲ್ಲದಿದ್ದರೆ ಫ್ರೇಮ್‌ವರ್ಕ್‌ಗೆ ಅನೊಟೇಷನ್ ಕಾಣುವುದೇ ಇಲ್ಲ. ಆ ಪ್ಯಾರಾಮೀಟರನ್ನು ಅದು ವಿನಂತಿಯ ಒಡಲೆಂದು ಭಾವಿಸುತ್ತದೆ.

ಮುಂದಿನದನ್ನು ಪಾತ್ರಾಭಿನಯದಿಂದ ತೋರಿಸಿದೆ. ಒಬ್ಬರು ಫ್ರೇಮ್‌ವರ್ಕ್, ಒಬ್ಬರು ಫಿಲ್ಟರ್, ಒಬ್ಬರು ಒದಗಿಸುವವರು, ಒಬ್ಬರು ಮೆಥಡ್. ಜರ್ಸಿ 2.26ರಿಂದ ಈಚೆಗೆ ಒದಗಿಸುವವರ ಹೆಸರು ವ್ಯಾಲ್ಯೂಪ್ಯಾರಮ್‌ಪ್ರೊವೈಡರ್. ಅವರ ಕೆಲಸ ಎರಡು ಕಾಲಗಳಲ್ಲಿ ನಡೆಯುತ್ತದೆ. ಸೇವೆ ಶುರುವಾಗುವಾಗ ಫ್ರೇಮ್‌ವರ್ಕ್ ಪ್ರತಿ ಪ್ಯಾರಾಮೀಟರ್ ತೋರಿಸಿ ‘ಇದು ನಿಮ್ಮದೇ?’ ಎಂದು ಕೇಳುತ್ತದೆ. ಅಲ್ಲವಾದರೆ ಅವರು ನಲ್ ಕೊಡುತ್ತಾರೆ. ಹೌದಾದರೆ ಒಂದು ಫಂಕ್ಷನ್ ಕೊಡುತ್ತಾರೆ. ಆಮೇಲೆ ಬರುವ ಪ್ರತಿ ವಿನಂತಿಗೂ ಆ ಫಂಕ್ಷನ್ ಓಡಿ ಮೌಲ್ಯ ತರುತ್ತದೆ. ಕಲಿಯುವವರು ಹೆಚ್ಚು ಎಡವುವುದು ಈ ಎರಡು ಕಾಲಗಳನ್ನು ಒಂದೇ ಎಂದುಕೊಂಡಾಗ. ಆದ್ದರಿಂದ ಕಪ್ಪುಹಲಗೆಯನ್ನು ‘ಆರಂಭದಲ್ಲಿ ಒಮ್ಮೆ’, ‘ಪ್ರತಿ ವಿನಂತಿಗೆ’ ಎಂದು ಎರಡು ಭಾಗ ಮಾಡಿಕೊಳ್ಳುವುದು ಒಳ್ಳೆಯದು.

ಇನ್ನೊಂದು ಸೂಕ್ಷ್ಮ ಇದೆ. ಇಂಜೆಕ್ಷನ್ ತಾನಾಗಿ ಏನನ್ನೂ ಪರಿಶೀಲಿಸುವುದಿಲ್ಲ. ಟೋಕನ್ ಪರಿಶೀಲಿಸಿ, ವಿನಂತಿ ಯಾರದ್ದೆಂದು ಸೆಕ್ಯುರಿಟಿಕಾಂಟೆಕ್ಸ್ಟ್‌ನಲ್ಲಿ ದಾಖಲಿಸುವುದು ಮುಂಚೆ ಓಡುವ ಫಿಲ್ಟರ್. ಫಂಕ್ಷನ್ ಅದನ್ನು ಓದುತ್ತದೆ. ಅಲ್ಲಿ ಯಾರೂ ಇಲ್ಲದಿದ್ದರೆ 401 ಹೊರಡುವಂತೆ ನಾವೇ ಬರೆಯಬೇಕು. ಫಂಕ್ಷನ್ ಯಾವುದೋ ಹೆಡರ್‌ನಿಂದ ಸಂಖ್ಯೆಯನ್ನು ನೇರವಾಗಿ ಎತ್ತಿಕೊಂಡರೆ, ಅರ್ಜಿದಾರ ಹೇಳಿದ ಸಂಖ್ಯೆಗೆ ಕಚೇರಿ ಸೀಲು ಒತ್ತಿದಂತಾಗುತ್ತದೆ, ಅಷ್ಟೆ.

ಮೌಲ್ಯಮಾಪನ (10 ನಿಮಿಷ)

1. ಹುಡುಕುವ ಪದ, ಪುಟ ಸಂಖ್ಯೆ, ಲಾಗಿನ್ ಆದವರ ಗುರುತು, ವಿನಂತಿ ಬಂದ ಸಮಯ: ಇವುಗಳಲ್ಲಿ ಯಾವುದು ಅರ್ಜಿದಾರನ ಜಾಗ, ಯಾವುದು ಕಚೇರಿಯದು?
2. ತರಗತಿ ಅಧ್ಯಾಪಕರು ತಮ್ಮ ವಿದ್ಯಾರ್ಥಿಯ ಅಂಕ ನೋಡಬೇಕು. ವಿದ್ಯಾರ್ಥಿಯ ಸಂಖ್ಯೆ ಎಲ್ಲಿಂದ ಬರಬೇಕು, ಅಧ್ಯಾಪಕರ ಗುರುತು ಎಲ್ಲಿಂದ?

ಎರಡನೆಯದು ನಿಜವಾದ ಪರೀಕ್ಷೆ. ಸಂಖ್ಯೆ ವಿಳಾಸದಿಂದಲೇ ಬರಬೇಕು, ಗುರುತು ಇಂಜೆಕ್ಷನ್‌ನಿಂದ ಬರಬೇಕು. ಆ ವಿದ್ಯಾರ್ಥಿ ಈ ಅಧ್ಯಾಪಕರ ತರಗತಿಯವನೇ ಎಂದು ಆಮೇಲೆ ಹೋಲಿಸಿ ನೋಡಬೇಕು. ಈ ಮೂರನ್ನೂ ಹೇಳಿದವರಿಗೆ ಪಾಠ ತಲುಪಿದೆ ಎಂದು ತಿಳಿಯಬಹುದು.

ಪ್ರಶಿಕ್ಷಣಾರ್ಥಿಗಳಿಗೆ ಸೂಚನೆ

ಅವಧಿ ಸಾಲದಿದ್ದರೆ ಎರಡನೆಯ ಹಂತವನ್ನು ಮೊಟಕುಗೊಳಿಸಿ. ಕ್ಲಾಸ್‌ಗಳ ಹೆಸರುಗಳನ್ನು ಕೈಪಿಡಿಯಲ್ಲಿ ಹುಡುಕಿಕೊಳ್ಳಬಹುದು. ಅರ್ಜಿ ನಮೂನೆಯ ಚಟುವಟಿಕೆಯನ್ನು ಮಾತ್ರ ಬಿಡಬೇಡಿ. ಬೇರೆ ಫ್ರೇಮ್‌ವರ್ಕ್ ಕಲಿಸುವಾಗ ಹೆಸರುಗಳು ಬದಲಾಗುತ್ತವೆ. ಎರಡು ಬಣ್ಣಗಳ ಪ್ರಶ್ನೆ ಅಲ್ಲಿಯೂ ಹೀಗೇ ಕೇಳಬೇಕಾದದ್ದು.