ವ್ಯವಸ್ಥಾಪಕರಿಗೆ ನಾಯಕತ್ವ ಶಿಕ್ಷಣ: ಬೆಂಗಳೂರಿನ ನಿರ್ವಹಣಾ ಸಂಸ್ಥೆಯ ಬೆಳವಣಿಗೆ

ಒಂದು ಕಾರ್ಖಾನೆಗೆ ಬೇಕಾದ ಬಂಡವಾಳವನ್ನು ಸಾಲವಾಗಿ ಪಡೆಯಬಹುದು. ಯಂತ್ರಗಳನ್ನು ಹೊರದೇಶದಿಂದ ತರಿಸಬಹುದು. ಆದರೆ ಆ ಬಂಡವಾಳ, ಆ ಯಂತ್ರಗಳು ಮತ್ತು ಅಲ್ಲಿ ದುಡಿಯುವ ಜನರನ್ನು ಒಂದೇ ಗುರಿಯ ಕಡೆಗೆ ನಡೆಸಬಲ್ಲ ವ್ಯವಸ್ಥಾಪಕರನ್ನು ದೇಶವು ತನ್ನಲ್ಲಿಯೇ ರೂಪಿಸಿಕೊಳ್ಳಬೇಕಾಗುತ್ತದೆ. ಸ್ವಾತಂತ್ರ್ಯಾನಂತರದ ಭಾರತವು ಈ ಸತ್ಯವನ್ನು ಬಹುಬೇಗ ಮನಗಂಡಿತು. ಕರ್ನಾಟಕದ ರಾಜಧಾನಿಯಲ್ಲಿ ಸ್ಥಾಪಿತವಾದ ಭಾರತೀಯ ನಿರ್ವಹಣಾ ಸಂಸ್ಥೆಯ ಇತಿಹಾಸವು ಈ ಪ್ರಯತ್ನದ ಒಂದು ಮುಖ್ಯ ಅಧ್ಯಾಯವಾಗಿದೆ.

ಹಿನ್ನೆಲೆ

1956ರ ಕೈಗಾರಿಕಾ ನೀತಿ ನಿರ್ಣಯ ಹಾಗೂ ಎರಡನೆಯ ಪಂಚವಾರ್ಷಿಕ ಯೋಜನೆಗಳು ಭಾರೀ ಕೈಗಾರಿಕೆಗಳ ಹೊಣೆಯನ್ನು ಬಹುಮಟ್ಟಿಗೆ ಸಾರ್ವಜನಿಕ ರಂಗಕ್ಕೆ ವಹಿಸಿದವು. ಉಕ್ಕು, ಯಂತ್ರೋಪಕರಣ, ವಿದ್ಯುತ್ ಮೊದಲಾದ ಕ್ಷೇತ್ರಗಳಲ್ಲಿ ದೊಡ್ಡ ಉದ್ದಿಮೆಗಳು ತಲೆಯೆತ್ತಿದವು. ಇವುಗಳನ್ನು ನಡೆಸಲು ನಿಯುಕ್ತರಾದವರಲ್ಲಿ ಅನೇಕರು ನುರಿತ ಎಂಜಿನಿಯರುಗಳು ಅಥವಾ ಅನುಭವಿ ಆಡಳಿತಗಾರರು. ಆದರೆ ಎಂಜಿನಿಯರಿಗೆ ಯಂತ್ರದ ಮರ್ಮ ತಿಳಿದಿದ್ದರೂ ಮಾರುಕಟ್ಟೆಯ ಮರ್ಮ ತಿಳಿದಿರಬೇಕೆಂದಿಲ್ಲ. ಆಡಳಿತಗಾರನಿಗೆ ನಿಯಮಾವಳಿ ಗೊತ್ತಿದ್ದರೂ ಉತ್ಪಾದನಾ ವೆಚ್ಚದ ಲೆಕ್ಕ ಹೊಸದಾಗಿರಬಹುದು. ಈ ಕೊರತೆಯನ್ನು ನೀಗಲು 1956ರಲ್ಲಿ ಹೈದರಾಬಾದಿನಲ್ಲಿ ಭಾರತೀಯ ಆಡಳಿತ ಸಿಬ್ಬಂದಿ ಕಾಲೇಜು ಆರಂಭವಾಯಿತು. ಇಂಗ್ಲೆಂಡಿನ ಹೆನ್ಲೆಯಲ್ಲಿದ್ದ ಅಂತಹುದೇ ಕಾಲೇಜು ಇದಕ್ಕೆ ಮಾದರಿ. 1961ರಲ್ಲಿ ಕಲ್ಕತ್ತ ಮತ್ತು ಅಹಮದಾಬಾದುಗಳಲ್ಲಿ ಭಾರತೀಯ ನಿರ್ವಹಣಾ ಸಂಸ್ಥೆಗಳು ಅಸ್ತಿತ್ವಕ್ಕೆ ಬಂದವು. ಮೊದಲನೆಯದಕ್ಕೆ ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ಸ್ಲೋನ್ ಶಾಲೆಯೂ, ಎರಡನೆಯದಕ್ಕೆ ಹಾರ್ವರ್ಡ್ ವಾಣಿಜ್ಯ ಶಾಲೆಯೂ ನೆರವು ನೀಡಿದವು.

ಬೆಂಗಳೂರಿನ ಆಯ್ಕೆ

1972ರಲ್ಲಿ ರವಿ ಜೆ. ಮಥಾಯ್ ಅವರ ಅಧ್ಯಕ್ಷತೆಯ ಸಮಿತಿಯು ಈ ಎರಡು ಸಂಸ್ಥೆಗಳ ಯಶಸ್ಸನ್ನು ಗಮನಿಸಿ ಇನ್ನೂ ಎರಡು ಸಂಸ್ಥೆಗಳನ್ನು ತೆರೆಯಲು ಶಿಫಾರಸು ಮಾಡಿತು. ಅವುಗಳಲ್ಲಿ ಒಂದಕ್ಕೆ ಬೆಂಗಳೂರು ನೆಲೆಯಾಯಿತು. ಈ ಆಯ್ಕೆ ಸಹಜವೇ ಆಗಿತ್ತು. 1940ರಲ್ಲಿ ಆರಂಭವಾದ ಹಿಂದೂಸ್ತಾನ್ ವಿಮಾನ ಕಾರ್ಖಾನೆ, 1948ರ ಭಾರತೀಯ ದೂರವಾಣಿ ಕಾರ್ಖಾನೆ, 1953ರ ಎಚ್.ಎಂ.ಟಿ., 1954ರ ಭಾರತ್ ಎಲೆಕ್ಟ್ರಾನಿಕ್ಸ್ ಮತ್ತು 1964ರ ಭಾರತ್ ಅರ್ತ್ ಮೂವರ್ಸ್ ಇವೆಲ್ಲವೂ ಈ ನಗರದಲ್ಲಿ ಬೇರೂರಿದ್ದವು. ಇದರ ಜೊತೆಗೆ 1969ರ ಜುಲೈ 19ರಂದು ರಾಷ್ಟ್ರೀಕೃತವಾದ ಹದಿನಾಲ್ಕು ಬ್ಯಾಂಕುಗಳಲ್ಲಿ ಕೆನರಾ ಬ್ಯಾಂಕ್ ಮತ್ತು ಸಿಂಡಿಕೇಟ್ ಬ್ಯಾಂಕುಗಳು ಕರ್ನಾಟಕದ ಕರಾವಳಿಯಲ್ಲಿ ಹುಟ್ಟಿದಂಥವು.

ಸಂಸ್ಥೆಯ ಸ್ಥಾಪನೆಯಲ್ಲಿ ಟಿ. ಎ. ಪೈ ಅವರ ಪಾತ್ರ ದೊಡ್ಡದು. ಸಿಂಡಿಕೇಟ್ ಬ್ಯಾಂಕನ್ನು ಬೆಳೆಸಿ, ಭಾರತ ಆಹಾರ ನಿಗಮದ ಮೊದಲ ಅಧ್ಯಕ್ಷರಾಗಿ, ಬಳಿಕ ಕೇಂದ್ರ ಸಚಿವರಾಗಿ ದುಡಿದ ಅವರು ಬೃಹತ್ ಸಂಸ್ಥೆಗಳ ಒಳಗಿನ ಕಷ್ಟಗಳನ್ನು ಬಲ್ಲವರಾಗಿದ್ದರು. ರಾಜ್ಯ ಸರ್ಕಾರವು ನೂರು ಎಕರೆ ಭೂಮಿಯನ್ನು ಉಚಿತವಾಗಿ ನೀಡಿತು. 1973ರ ಅಕ್ಟೋಬರ್ 28ರಂದು ಪ್ರಧಾನಮಂತ್ರಿ ಇಂದಿರಾ ಗಾಂಧಿಯವರು ಸಂಸ್ಥೆಯನ್ನು ಉದ್ಘಾಟಿಸಿದರು. ಅದಾದ ನಾಲ್ಕು ದಿನಗಳಲ್ಲಿ, ನವೆಂಬರ್ 1ರಂದು, ಮೈಸೂರು ರಾಜ್ಯವು ಕರ್ನಾಟಕವೆಂಬ ಹೆಸರನ್ನು ಪಡೆಯಿತು.

ಮೂಲ ಉದ್ದೇಶ

ಬೆಂಗಳೂರಿನ ಸಂಸ್ಥೆಯು ತನ್ನ ಹಿರಿಯ ಸಂಸ್ಥೆಗಳಿಂದ ಒಂದು ಮುಖ್ಯ ವಿಷಯದಲ್ಲಿ ಭಿನ್ನವಾಗಿತ್ತು. ಅದನ್ನು ಸಾರ್ವಜನಿಕ ಉದ್ದಿಮೆಗಳ ಅಗತ್ಯಗಳಿಗಾಗಿಯೇ ಕಲ್ಪಿಸಲಾಗಿತ್ತು. ಲಾಭವೊಂದೇ ಅಳತೆಗೋಲಾಗದ ಕ್ಷೇತ್ರಗಳಲ್ಲಿ ನಾಯಕತ್ವ ವಹಿಸಬಲ್ಲವರನ್ನು ಸಿದ್ಧಗೊಳಿಸುವುದು ಅದರ ಧ್ಯೇಯ.

ಸ್ಥಾಪಕ ನಿರ್ದೇಶಕರಾದ ಪ್ರೊ. ಎನ್. ಎಸ್. ರಾಮಸ್ವಾಮಿ ಅವರು ಈ ಧ್ಯೇಯಕ್ಕೆ ವಿಶಾಲವಾದ ಅರ್ಥ ಕೊಟ್ಟರು. ಅವರ ಗಮನ ಸೆಳೆದ ವಿಷಯಗಳಲ್ಲಿ ಎತ್ತಿನ ಗಾಡಿಯೂ ಒಂದು. ಗ್ರಾಮೀಣ ಭಾರತದ ಸರಕು ಸಾಗಣೆಯ ದೊಡ್ಡ ಪಾಲನ್ನು ಹೊತ್ತಿದ್ದ ಗಾಡಿಯು ಯೋಜನೆಗಳ ಕಡತಗಳಲ್ಲಿ ಕಾಣಿಸುತ್ತಿದ್ದುದು ಕಡಿಮೆ. ಮರದ ಭಾರವಾದ ಚಕ್ರ, ಒರಟಾದ ಅಚ್ಚು, ಎತ್ತಿನ ಹೆಗಲನ್ನು ಉಜ್ಜಿ ಗಾಯಗೊಳಿಸುವ ನೊಗ ಇವುಗಳನ್ನು ಸುಧಾರಿಸಿದರೆ ರೈತನಿಗೂ ಜಾನುವಾರಿಗೂ ಒಳಿತಾಗುವುದೆಂದು ಅವರು ಪ್ರತಿಪಾದಿಸಿದರು. ನಿರ್ವಹಣಾ ಶಾಸ್ತ್ರವು ದೊಡ್ಡ ಕಚೇರಿಗಳಿಗೆ ಮಾತ್ರ ಮೀಸಲಲ್ಲ, ಹಳ್ಳಿಯ ದಾರಿಗೂ ಅದು ಸಲ್ಲುತ್ತದೆ ಎಂಬ ನಿಲುವು ಇದರ ಹಿಂದೆ ಇತ್ತು.

ಆರಂಭದ ವರ್ಷಗಳಲ್ಲಿ ಸಂಸ್ಥೆಯು ಬಾಡಿಗೆಯ ಕಟ್ಟಡಗಳಲ್ಲಿ ಕೆಲಸ ಮಾಡಿತು. 1974ರಲ್ಲಿ ಸ್ನಾತಕೋತ್ತರ ಶಿಕ್ಷಣದ ಮೊದಲ ತಂಡ ಪ್ರವೇಶ ಪಡೆಯಿತು. 1983ರಲ್ಲಿ ಬನ್ನೇರುಘಟ್ಟ ರಸ್ತೆಯ ಸ್ವಂತ ನೆಲೆಗೆ ಸ್ಥಳಾಂತರವಾಯಿತು. ಫತೇಪುರ ಸಿಕ್ರಿಯ ಅಂಗಳಗಳಿಂದ ಸ್ಫೂರ್ತಿ ಪಡೆದು ವಾಸ್ತುಶಿಲ್ಪಿ ಬಿ. ವಿ. ದೋಶಿ ಅವರು ರೂಪಿಸಿದ ಈ ಕಲ್ಲಿನ ಕಟ್ಟಡಗಳಲ್ಲಿ ಉದ್ದನೆಯ ಮೊಗಸಾಲೆಗಳಿಗೆ ಪ್ರಾಧಾನ್ಯವಿದೆ. ತರಗತಿಯಿಂದ ಹೊರಬಂದ ಮೇಲೂ ಚರ್ಚೆ ಮುಂದುವರಿಯಲು ಅಲ್ಲಿ ನೆರಳೂ ಜಾಗವೂ ಇವೆ. ದೋಶಿಯವರು 2018ರಲ್ಲಿ ಪ್ರಿಟ್ಜ್‌ಕರ್ ಪ್ರಶಸ್ತಿ ಪಡೆದ ಮೊದಲ ಭಾರತೀಯರಾದರು.

ನಾಯಕತ್ವವನ್ನು ಕಲಿಸುವ ಬಗೆ

ನಾಯಕತ್ವವು ಹುಟ್ಟಿನಿಂದ ಬರುವ ಗುಣವೆಂಬ ನಂಬಿಕೆ ಹಿಂದಿನಿಂದಲೂ ಇದೆ. ಅದರಲ್ಲಿ ಸತ್ಯಾಂಶ ಇಲ್ಲದಿಲ್ಲ. ಆದರೆ ಪರಿಸ್ಥಿತಿಯನ್ನು ಅಳೆಯುವುದು, ಭಿನ್ನಾಭಿಪ್ರಾಯವನ್ನು ಆಲಿಸುವುದು, ಅಪೂರ್ಣ ಮಾಹಿತಿಯ ನಡುವೆಯೂ ನಿರ್ಧಾರ ಕೈಗೊಳ್ಳುವುದು ಮತ್ತು ಅದರ ಫಲಕ್ಕೆ ಹೊಣೆಯಾಗುವುದು ಅಭ್ಯಾಸದಿಂದ ಬೆಳೆಯುವ ಶಕ್ತಿಗಳು. ಇವುಗಳನ್ನು ಬೆಳೆಸಲು ನಿರ್ವಹಣಾ ಸಂಸ್ಥೆಗಳು ಬಳಸುವ ಪ್ರಮುಖ ಸಾಧನ ಪ್ರಕರಣಾಧ್ಯಯನ. ನಡೆದ ಒಂದು ಸಂಗತಿಯ ವಿವರಗಳನ್ನು ವಿದ್ಯಾರ್ಥಿಗಳ ಮುಂದಿಟ್ಟು, ನಿರ್ಧಾರ ಕೈಗೊಳ್ಳಬೇಕಾದ ಅಧಿಕಾರಿಯ ಸ್ಥಾನದಲ್ಲಿ ತಮ್ಮನ್ನು ಇರಿಸಿಕೊಂಡು ಯೋಚಿಸುವಂತೆ ಮಾಡುವುದು ಇದರ ಕ್ರಮ.

ಇಂತಹ ಅಧ್ಯಯನಕ್ಕೆ ಬೆಂಗಳೂರಿನಲ್ಲಿಯೇ ಒಳ್ಳೆಯ ನಿದರ್ಶನವಿದೆ. ಎಚ್.ಎಂ.ಟಿ. ಸಂಸ್ಥೆಯು 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಿಂದ ಕೈಗಡಿಯಾರಗಳ ತಯಾರಿಕೆ ಆರಂಭಿಸಿತು. ಕೀಲಿ ಕೊಡುವ ಅದರ ಗಡಿಯಾರಗಳು ಮನೆಮಾತಾದವು. ಮದುವೆಯ ಉಡುಗೊರೆಯಾಗಿಯೂ ನಿವೃತ್ತಿಯ ಕಾಣಿಕೆಯಾಗಿಯೂ ಅವು ಸಂದವು. ಆದರೆ ಜಗತ್ತು ಕ್ವಾರ್ಟ್ಜ್ ಗಡಿಯಾರಗಳತ್ತ ಸರಿಯಿತು. 1984ರಲ್ಲಿ ಸ್ಥಾಪಿತವಾದ ಟೈಟನ್, ನೆರೆಯ ಹೊಸೂರಿನ ತನ್ನ ಕಾರ್ಖಾನೆಯಿಂದ ಕ್ವಾರ್ಟ್ಜ್ ಗಡಿಯಾರಗಳನ್ನು ಹೊಸ ವಿನ್ಯಾಸಗಳೊಂದಿಗೆ ಮಾರುಕಟ್ಟೆಗೆ ತಂದಿತು. ಎಚ್.ಎಂ.ಟಿ.ಯ ಗಡಿಯಾರ ವಿಭಾಗವು ಮತ್ತೆ ಚೇತರಿಸಿಕೊಳ್ಳಲಿಲ್ಲ. ಅದನ್ನು ಮುಚ್ಚಲು ಕೇಂದ್ರ ಸರ್ಕಾರವು 2016ರಲ್ಲಿ ಅನುಮೋದನೆ ನೀಡಿತು.

ಅದೇ ನಗರದಲ್ಲಿ, ಒಂದು ವರ್ಷದ ಅಂತರದಲ್ಲಿ ಜನಿಸಿದ ಇನ್ನೊಂದು ಸಾರ್ವಜನಿಕ ಉದ್ದಿಮೆ ಭಾರತ್ ಎಲೆಕ್ಟ್ರಾನಿಕ್ಸ್. ಸೇನೆಗೆ ಸಂಪರ್ಕ ಸಾಧನಗಳನ್ನು ಒದಗಿಸುವುದರೊಂದಿಗೆ ಆರಂಭಿಸಿ ಅದು ರೇಡಾರುಗಳ ತಯಾರಿಕೆಗೆ ಬೆಳೆಯಿತು. ದೇಶದ ವಿದ್ಯುನ್ಮಾನ ಮತಯಂತ್ರಗಳನ್ನು ತಯಾರಿಸುವ ಎರಡು ಸಂಸ್ಥೆಗಳಲ್ಲಿ ಒಂದಾಯಿತು. 2007ರಲ್ಲಿ ಅದಕ್ಕೆ ನವರತ್ನ ಸ್ಥಾನ ದೊರೆಯಿತು.

ಈ ಎರಡು ಪ್ರಕರಣಗಳನ್ನು ಅಕ್ಕಪಕ್ಕದಲ್ಲಿ ಇಟ್ಟಾಗ ಸುಲಭವಾದ ತೀರ್ಪು ಸಾಲದಾಗುತ್ತದೆ. ಒಂದಕ್ಕೆ ರಕ್ಷಣಾ ಇಲಾಖೆಯಂತಹ ನಿಶ್ಚಿತ ಗ್ರಾಹಕನಿದ್ದನು. ಇನ್ನೊಂದು ಅಂಗಡಿಯ ಮುಂದೆ ನಿಂತ ಜನಸಾಮಾನ್ಯನ ಅಭಿರುಚಿಯನ್ನು ಅವಲಂಬಿಸಿತ್ತು. ಕೀಲಿಯ ಗಡಿಯಾರದ ಕುಶಲಕಲೆಯಲ್ಲಿ ಪಳಗಿದ ನೌಕರರ ಭವಿಷ್ಯವೇನು? ಹೊಸ ತಂತ್ರಜ್ಞಾನಕ್ಕೆ ಹಣ ಹೂಡಲು ಯಾರ ಒಪ್ಪಿಗೆ ಬೇಕು, ಎಷ್ಟು ಕಾಲ ಹಿಡಿಯುತ್ತದೆ? ಜನಪ್ರಿಯವಾದ ಉತ್ಪನ್ನವನ್ನು ಅದರ ಮಧ್ಯಾಹ್ನದಲ್ಲಿಯೇ ಬದಲಿಸುವ ಧೈರ್ಯ ಎಲ್ಲಿಂದ ಬರಬೇಕು? ಇಂತಹ ಪ್ರಶ್ನೆಗಳನ್ನು ಎದುರಿಸುವುದೇ ನಾಯಕತ್ವದ ಶಿಕ್ಷಣ. ಉತ್ತರ ತಪ್ಪಿದಾಗ ನಷ್ಟ ಹೊರುವವರು ನೌಕರರ ಕುಟುಂಬಗಳು ಮತ್ತು ತೆರಿಗೆ ಕೊಡುವ ನಾಗರಿಕರು.

1991ರ ನಂತರ

1991ರ ಆರ್ಥಿಕ ಸುಧಾರಣೆಗಳು ನಿರ್ವಹಣಾ ಶಿಕ್ಷಣದ ಸ್ವರೂಪವನ್ನೇ ಬದಲಾಯಿಸಿದವು. ಖಾಸಗಿ ಉದ್ದಿಮೆಗಳ ಬೇಡಿಕೆ ಹೆಚ್ಚಿತು. ದೇಶದ ಬಡಾವಣೆ ಬಡಾವಣೆಗಳಲ್ಲಿ ನಿರ್ವಹಣಾ ಕಾಲೇಜುಗಳು ತೆರೆದುಕೊಂಡವು. ದೆಹಲಿ ಅಭಿವೃದ್ಧಿ ಪ್ರಾಧಿಕಾರವು 1980ರ ದಶಕದಿಂದ ಬೆಳೆಸಿದ ರೋಹಿಣಿ ಉಪನಗರದಲ್ಲಿ 1993ರಲ್ಲಿ ಜಗನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟ್ ಸ್ಟಡೀಸ್ ಆರಂಭವಾದುದು ಈ ಅಲೆಯ ಒಂದು ನಿದರ್ಶನ. ಕರ್ನಾಟಕದಲ್ಲಿ ಟಿ. ಎ. ಪೈ ಅವರೇ 1980ರಲ್ಲಿ ಮಣಿಪಾಲದಲ್ಲಿ ನಿರ್ವಹಣಾ ಸಂಸ್ಥೆಯೊಂದಕ್ಕೆ ಅಡಿಗಲ್ಲು ಹಾಕಿದ್ದರು. ಅದು ಇಂದು ಅವರ ಹೆಸರನ್ನು ಹೊತ್ತಿದೆ. 2001ರಲ್ಲಿ ಇನ್ಫೋಸಿಸ್ ಕಂಪನಿಯು ತನ್ನದೇ ಅಧಿಕಾರಿಗಳಿಗಾಗಿ ಮೈಸೂರಿನಲ್ಲಿ ನಾಯಕತ್ವ ಸಂಸ್ಥೆಯನ್ನು ಸ್ಥಾಪಿಸಿತು.

ಸಾರ್ವಜನಿಕ ರಂಗಕ್ಕಾಗಿ ಹುಟ್ಟಿದ ಬೆಂಗಳೂರಿನ ಸಂಸ್ಥೆಯೂ ಕಾಲಕ್ರಮದಲ್ಲಿ ಎಲ್ಲ ರಂಗಗಳಿಗೂ ತೆರೆದುಕೊಂಡಿತು. ಅದರ ಪದವೀಧರರು ಹೆಚ್ಚಾಗಿ ಖಾಸಗಿ ಕಂಪನಿಗಳತ್ತ ಹೊರಳಿದಾಗ ಮೂಲ ಧ್ಯೇಯವೇನಾಯಿತೆಂಬ ಪ್ರಶ್ನೆ ಏಳುವುದು ನ್ಯಾಯವೇ. ಸಾರ್ವಜನಿಕರ ಭೂಮಿ ಮತ್ತು ಹಣದಿಂದ ಬೆಳೆದ ಸಂಸ್ಥೆಯು ಸಾರ್ವಜನಿಕ ಹಿತಕ್ಕೆ ಋಣಿಯಾಗಿರಬೇಕಾಗುತ್ತದೆ. ಸಾರ್ವಜನಿಕ ನೀತಿ ಕೇಂದ್ರದ ಸ್ಥಾಪನೆ ಮತ್ತು 2002ರಲ್ಲಿ ಸರ್ಕಾರಿ ಅಧಿಕಾರಿಗಳಿಗಾಗಿ ಆರಂಭಿಸಿದ ಸಾರ್ವಜನಿಕ ನೀತಿ ಹಾಗೂ ನಿರ್ವಹಣೆಯ ಸ್ನಾತಕೋತ್ತರ ಶಿಕ್ಷಣಗಳು ಆ ಋಣವನ್ನು ನೆನೆದ ಪ್ರಯತ್ನಗಳೆನ್ನಬಹುದು. 2000ದಲ್ಲಿ ಆರಂಭವಾದ ಎನ್. ಎಸ್. ರಾಘವನ್ ಉದ್ಯಮಶೀಲತಾ ಕೇಂದ್ರವು ಹೊಸ ಉದ್ಯಮಿಗಳಿಗೆ ಮಾರ್ಗದರ್ಶನ ನೀಡುತ್ತ ಬಂದಿದೆ.

ಸ್ವಾಯತ್ತತೆ ಮತ್ತು ಹೊಣೆಗಾರಿಕೆ

ಬಹುಕಾಲ ಈ ಸಂಸ್ಥೆಗಳು ಡಿಪ್ಲೊಮಾಗಳನ್ನು ಮಾತ್ರ ನೀಡುತ್ತಿದ್ದವು. 2018ರ ಜನವರಿ 31ರಂದು ಜಾರಿಗೆ ಬಂದ ಭಾರತೀಯ ನಿರ್ವಹಣಾ ಸಂಸ್ಥೆಗಳ ಅಧಿನಿಯಮವು ಅವುಗಳಿಗೆ ಪದವಿ ನೀಡುವ ಅಧಿಕಾರವನ್ನೂ ಹೆಚ್ಚಿನ ಸ್ವಾಯತ್ತತೆಯನ್ನೂ ಒದಗಿಸಿತು. 2023ರ ತಿದ್ದುಪಡಿಯಂತೆ ರಾಷ್ಟ್ರಪತಿಗಳು ಈ ಸಂಸ್ಥೆಗಳ ಸಂದರ್ಶಕರಾದರು. ಸ್ವಾತಂತ್ರ್ಯ ಎಷ್ಟಿರಬೇಕು, ಉತ್ತರದಾಯಿತ್ವ ಎಷ್ಟಿರಬೇಕು ಎಂಬ ತೂಗಾಟವು ಸಂಸ್ಥೆಗಳ ಬಾಳಿನಲ್ಲಿಯೂ ನಡೆದೇ ಇರುತ್ತದೆ.

ನಾಯಕತ್ವದ ತರಬೇತಿ ಇಂದು ಉನ್ನತ ಅಧಿಕಾರಿಗಳಿಗಷ್ಟೇ ಸೀಮಿತವಾಗಿಲ್ಲ. 2020ರಲ್ಲಿ ಅನುಮೋದನೆ ಪಡೆದ ಕರ್ಮಯೋಗಿ ಕಾರ್ಯಕ್ರಮವು ಎಲ್ಲ ಹಂತಗಳ ಸರ್ಕಾರಿ ನೌಕರರ ಸಾಮರ್ಥ್ಯ ವರ್ಧನೆಯನ್ನು ಗುರಿಯಾಗಿಸಿಕೊಂಡಿದೆ. ಗ್ರಾಮ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿ, ಸಹಕಾರ ಸಂಘದ ಕಾರ್ಯದರ್ಶಿ, ಸ್ತ್ರೀಶಕ್ತಿ ಗುಂಪಿನ ಪ್ರತಿನಿಧಿ ಇವರೆಲ್ಲರೂ ತಮ್ಮ ಮಟ್ಟದಲ್ಲಿ ವ್ಯವಸ್ಥಾಪಕರೇ. ಹಣದ ಲೆಕ್ಕ, ಸಮಯದ ಬೆಲೆ, ಜನರ ವಿಶ್ವಾಸ ಎಂಬ ಮೂರನ್ನೂ ಅವರು ಕಾಯಬೇಕು. ನಿರ್ವಹಣಾ ಶಾಸ್ತ್ರದ ತಿಳಿವು ಅವರ ಭಾಷೆಯಲ್ಲಿ, ಅವರ ಅನುಭವದ ಉದಾಹರಣೆಗಳೊಂದಿಗೆ ಅವರನ್ನು ತಲುಪಿದಾಗ ಮಾತ್ರ, ಎತ್ತಿನ ಗಾಡಿಯನ್ನೂ ಅಧ್ಯಯನಕ್ಕೆ ಯೋಗ್ಯವೆಂದು ಬಗೆದವರ ಆಶಯವು ಪೂರ್ಣವಾಗಿ ಸಫಲವಾಗುವುದು.