ಮುಂಗಡದ ಹಂಗು, ಕಾರ್ಖಾನೆಯ ಹೊಣೆ

ಕಬ್ಬಿನ ಹಂಗಾಮು ಹತ್ತಿರ ಬಂತೆಂದರೆ ಬೀದರ್ ಜಿಲ್ಲೆಯ ಔರಾದ್‌ನ ತಾಂಡಾಗಳಲ್ಲಿ, ಭಾಲ್ಕಿ ಕಡೆಯ ಹಳ್ಳಿಗಳಲ್ಲಿ ಕಟಾವಿಗೆ ಕೂಲಿಕಾರರನ್ನು ಕರೆದೊಯ್ಯುವ ಗುತ್ತಿಗೆದಾರರಾದ ಮುಕಾದಮರ ಓಡಾಟ ಶುರುವಾಗುತ್ತದೆ. ಗಂಡ-ಹೆಂಡತಿಯನ್ನು ಒಂದು ಜೋಡಿ ಎಂದು ಹಿಡಿದು ಮುಂಗಡ ಕೊಡುತ್ತಾರೆ. ಹೆಬ್ಬೆಟ್ಟು ಗಂಡನದು, ದುಡಿಮೆ ಇಬ್ಬರದು. ತಿಂಗಳುಗಟ್ಟಲೆ ಕಟಾವು ಮಾಡಿದ ಮೇಲೆ ಲೆಕ್ಕ ಕೇಳಿದರೆ, 'ಬಾಕಿ ತೀರಿಲ್ಲ, ತೀರುವವರೆಗೆ ಊರಿಗೆ ಹೋಗಬೇಡಿ' ಎನ್ನುವವರಿದ್ದಾರೆ.

ಹಾಗೆ ತಡೆದು ದುಡಿಸಿಕೊಂಡರೆ ಅದು ಜೀತ. 1976ರ ಜೀತ ಪದ್ಧತಿ (ರದ್ದತಿ) ಕಾಯ್ದೆಯ ಪ್ರಕಾರ ಅಂಥ ಕರಾರು ಅನೂರ್ಜಿತ, ಆ ಸಾಲವನ್ನು ತೀರಿಸಬೇಕಾಗಿಯೇ ಇಲ್ಲ. ಇದು ಜೀತದ ಸಾಲವಲ್ಲ ಎಂದು ರುಜುವಾತು ಮಾಡುವ ಭಾರವೂ ಸಾಲ ಕೊಟ್ಟವನದೇ. ಛಾಪಾ ಕಾಗದ ತೋರಿಸಿ ಹೆದರಿಸುವವರಿಗೆ ಈ ಸಂಗತಿ ಗೊತ್ತಿರುತ್ತದೆ, ಗೊತ್ತಿಲ್ಲದಿರುವುದು ಹೆಬ್ಬೆಟ್ಟು ಒತ್ತಿದವರಿಗೆ. ಕೂಡಿಹಾಕಿದರೆ ಮಾತ್ರ ಬಲವಂತ ಎಂದೂ ತಿಳಿಯಬೇಕಿಲ್ಲ. ದೆಹಲಿಯ ಏಷ್ಯಾಡ್ ಕ್ರೀಡಾಕೂಟದ ಕಟ್ಟಡ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿದೆ: ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದೂ ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೇ.

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಬಲವಂತದ ದುಡಿಮೆಯ ವಿರುದ್ಧ 1930ರಲ್ಲಿ ಮಾಡಿದ 29ನೇ ಒಡಂಬಡಿಕೆಯನ್ನು ಭಾರತ 1954ರಲ್ಲಿ ಒಪ್ಪಿತು. ಸಂಘ ಕಟ್ಟುವ, ಸಾಮೂಹಿಕವಾಗಿ ಚೌಕಾಸಿ ಮಾಡುವ ಹಕ್ಕಿನ 87 ಮತ್ತು 98ನೇ ಒಡಂಬಡಿಕೆಗಳಿಗೆ ಮಾತ್ರ ಭಾರತದ ಒಪ್ಪಿಗೆ ಇನ್ನೂ ಸಿಕ್ಕಿಲ್ಲ. ಮುಕಾದಮನ ಎದುರು ಒಬ್ಬೊಬ್ಬರೇ ನಿಲ್ಲಬೇಕಾದ ಕೂಲಿಕಾರರಿಗೆ ಬೇಕಾದದ್ದು ಅವೇ ಅಲ್ಲವೇ! ಹಾಗೆಂದು ಜಿನೀವಾದಲ್ಲಿರುವ ಆ ಸಂಸ್ಥೆಯ ಬಾಗಿಲು ತಟ್ಟಿದರೆ ಒಬ್ಬಂಟಿ ಕೂಲಿಕಾರನಿಗೆ ಪರಿಹಾರ ಸಿಗುವುದಿಲ್ಲ. ಅವನಿಗೆ ನೆರವಾಗುವುದು ನಮ್ಮದೇ ಕಾನೂನು.

'ಅವರು ನಮ್ಮ ಆಳುಗಳಲ್ಲ, ಗುತ್ತಿಗೆದಾರನ ಕಡೆಯವರು' ಎಂಬುದು ಸಕ್ಕರೆ ಕಾರ್ಖಾನೆ ನಡೆಸುವ ಕಂಪನಿಗಳ ಹಳೆಯ ಉತ್ತರ. ತನ್ನ ವ್ಯವಹಾರದ ಸರಪಳಿಯಲ್ಲಿ ನಡೆಯುವ ಅನ್ಯಾಯಕ್ಕೂ ಕಂಪನಿ ಕಣ್ಣುಮುಚ್ಚಬಾರದು ಎಂದು ವಿಶ್ವಸಂಸ್ಥೆಯ 2011ರ ಮಾರ್ಗದರ್ಶಿ ತತ್ವಗಳು ಹೇಳುತ್ತವೆ, ಆದರೆ ಅವು ಕಾನೂನಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯ 43ನೇ ಸೆಕ್ಷನ್ ಕಾನೂನು: ಕೂಲಿ ಕೊಡಬೇಕಾದವನು ಕೊಡದಿದ್ದರೆ ಕೆಲಸ ನಡೆದ ಸಂಸ್ಥೆಯ ಮಾಲೀಕರೇ ಕೊಡಬೇಕು. ಬಾಕಿ ಕೂಲಿಗೆ 3 ವರ್ಷದೊಳಗೆ ಅರ್ಜಿ ಹಾಕಬಹುದು. ಕಟಾವು ನಡೆಯುವುದು ರೈತರ ಹೊಲದಲ್ಲಿ; ಕಾರ್ಖಾನೆ ಜಾರಿಕೊಳ್ಳುವುದು ಇಲ್ಲೇ. ಆದ್ದರಿಂದ ಕಾರ್ಖಾನೆಯ ಹೆಸರಿರುವ ತೂಕದ ಚೀಟಿ, ಟ್ರಾಕ್ಟರ್ ನಂಬರು, ಮುಕಾದಮನ ಲೆಕ್ಕದ ಪುಸ್ತಕದ ಹಾಳೆ, ಎಲ್ಲದರ ಫೋಟೊ ತೆಗೆದು ಊರಿನ ಯಾರಿಗಾದರೂ ಕಳಿಸಿಟ್ಟಿರಿ. ಲೆಕ್ಕದಲ್ಲಿ ಹೆಂಡತಿಯ ಹೆಸರನ್ನೂ ಬೇರೆಯಾಗಿ ಬರೆಸಿ.

ಕಟಾವಿಗೆ ಹೋಗಿ ಗಡಿಯಾಚೆ ಮಹಾರಾಷ್ಟ್ರದಲ್ಲಿ ಸಿಕ್ಕಿಕೊಂಡವರ ಪರವಾಗಿ ಮನೆಯವರು ಔರಾದ್ ಅಥವಾ ಭಾಲ್ಕಿ ಠಾಣೆಯಲ್ಲೇ ದೂರು ಕೊಡಬಹುದು. 'ಅದು ಮಹಾರಾಷ್ಟ್ರದ ವ್ಯಾಪ್ತಿ' ಎಂದು ಹಿಂದಕ್ಕೆ ಕಳಿಸುವಂತಿಲ್ಲ, ಶೂನ್ಯ ಎಫ್‌ಐಆರ್ ದಾಖಲಿಸಬೇಕು. ಜೀತದಿಂದ ಬಿಡಿಸಿ ಬಿಡುಗಡೆ ಪತ್ರ ಕೊಡುವುದು ಜೀತ ನಡೆದ ಜಾಗದ ಜಿಲ್ಲಾಧಿಕಾರಿ ಇಲ್ಲವೇ ಉಪವಿಭಾಗಾಧಿಕಾರಿ. ಆ ಪತ್ರವಿಲ್ಲದೆ ಊರಿಗೆ ಮರಳಿದರೆ ಪುನರ್ವಸತಿ ಕಷ್ಟ. ತಕ್ಷಣದ ನೆರವು 30,000 ರೂಪಾಯಿವರೆಗೆ ಇದೆ. ಮುಂದಿನ ನೆರವು ವಯಸ್ಕ ಗಂಡಸಿಗೆ 1 ಲಕ್ಷ, ಹೆಂಗಸರು-ಮಕ್ಕಳಿಗೆ 2 ಲಕ್ಷ, ಅತಿ ಘೋರ ಪ್ರಕರಣಗಳಲ್ಲಿ 3 ಲಕ್ಷ.

ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಬೀದರ್‌ನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಜೀತಕ್ಕೆ ಸಿಕ್ಕವರು, ಮಹಿಳೆಯರು, ಪರಿಶಿಷ್ಟರು ಆದಾಯದ ಮಿತಿಯಿಲ್ಲದೆ ಉಚಿತ ನೆರವಿಗೆ ಅರ್ಹರು. ಫೋನು ಮಾಡುವುದಾದರೆ 15100.