ಅಣೆಕಟ್ಟು ಕೆಡಹುವ ಕಾರ್ಯದಲ್ಲಿ ಊರಿನ ಗುತ್ತಿಗೆದಾರನ ಪಾಲು

ಅಣೆಕಟ್ಟು ಕಟ್ಟುವ ಸುದ್ದಿ ನಮಗೆ ಹೊಸದಲ್ಲ. ಆದರೆ ಕಟ್ಟಿದ್ದನ್ನು ಕೆಡವಿ ನದಿಯನ್ನು ಹಳೆಯ ದಾರಿಗೆ ಬಿಡುವ ಸುದ್ದಿ ಅನೇಕರಿಗೆ ವಿಚಿತ್ರವಾಗಿ ತೋರಬಹುದು. ಅಮೆರಿಕದ ಕ್ಲಾಮತ್ ನದಿಯಲ್ಲಿ ೨೦೨೩-೨೪ರಲ್ಲಿ ಇಂಥ ಕಾರ್ಯ ನಡೆಯಿತು. ಅಲ್ಲಿನ ಮೀನುಗಳ ಕಥೆಯನ್ನು ಹಲವರು ಬರೆದಿದ್ದಾರೆ. ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನಾನು ಬೇರೊಂದು ಪ್ರಶ್ನೆಯನ್ನು ಎತ್ತಿಕೊಂಡಿದ್ದೇನೆ: ಇಷ್ಟು ದೊಡ್ಡ ಕೆಲಸದಲ್ಲಿ ಆ ಊರಿನ ಸಣ್ಣ ಗುತ್ತಿಗೆದಾರನಿಗೆ ಸಿಕ್ಕಬಹುದಾದ ಪಾಲೇನು?

ಮೊದಲು ಹಿನ್ನೆಲೆಯನ್ನು ನೋಡೋಣ. ಕ್ಲಾಮತ್ ನದಿ ಆರಿಗನ್ ಸಂಸ್ಥಾನದಲ್ಲಿ ಹುಟ್ಟಿ, ಕ್ಯಾಲಿಫೋರ್ನಿಯದಲ್ಲಿ ಹರಿದು ಪೆಸಿಫಿಕ್ ಸಾಗರವನ್ನು ಸೇರುತ್ತದೆ. ಕಳೆದ ಶತಮಾನದಲ್ಲಿ ಅದಕ್ಕೆ ಅಡ್ಡಲಾಗಿ ಕಾಪ್ಕೊ ಒಂದು, ಕಾಪ್ಕೊ ಎರಡು, ಜೆ. ಸಿ. ಬಾಯ್ಲ್, ಐರನ್ ಗೇಟ್ ಎಂಬ ನಾಲ್ಕು ಕಟ್ಟೆಗಳು ಎದ್ದವು. ಇವು ವಿದ್ಯುತ್ತಿಗಾಗಿ ಕಟ್ಟಿದವು; ಹೊಲಗಳಿಗೆ ನೀರುಣಿಸುತ್ತಿರಲಿಲ್ಲ. ಮೊಟ್ಟೆಯಿಡಲು ಹೊಳೆಯ ಮೇಲ್ಭಾಗಕ್ಕೆ ಈಜುವ ಸಾಲ್ಮನ್ ಮೀನಿಗೆ ಇವು ದಾರಿ ಮುಚ್ಚಿದವು. ಯೂರಾಕ್, ಕಾರೂಕ್ ಮೊದಲಾದ ಮೂಲನಿವಾಸಿಗಳು ಬಹುಕಾಲ ಹೋರಾಡಿದ ಮೇಲೆ, ೨೦೨೨ರ ನವೆಂಬರಿನಲ್ಲಿ ಕೇಂದ್ರದ ಇಂಧನ ಆಯೋಗವು ಕೆಡಹಲು ಒಪ್ಪಿತು. ಗೊತ್ತುಮಾಡಿದ ಹಣ ಸುಮಾರು ೪೫ ಕೋಟಿ ಡಾಲರು. ಇದರಲ್ಲಿ ೨೦ ಕೋಟಿ ವಿದ್ಯುತ್ ಗ್ರಾಹಕರದು, ೨೫ ಕೋಟಿ ಕ್ಯಾಲಿಫೋರ್ನಿಯ ಸರ್ಕಾರ ಎತ್ತಿದ ಸಾಲದ್ದು. ಎಂದರೆ ಎಲ್ಲವೂ ಜನರ ಹಣವೇ.

ಊರಿನವರೆಲ್ಲರೂ ಇದನ್ನು ಮೆಚ್ಚಲಿಲ್ಲ. ಮೂರು ಕಟ್ಟೆಗಳಿದ್ದ ಸಿಸ್ಕಿಯೂ ಜಿಲ್ಲೆಯಲ್ಲಿ ೨೦೧೦ರಲ್ಲಿ ನಡೆದ ಅಭಿಪ್ರಾಯ ಮತದಾನದಲ್ಲಿ ಮುಕ್ಕಾಲಿಗೂ ಹೆಚ್ಚು ಮಂದಿ ವಿರೋಧಿಸಿದ್ದರು. ಸರೋವರದ ದಡದಲ್ಲಿ ಮನೆ ಕಟ್ಟಿಕೊಂಡವರು ಸರೋವರವನ್ನೇ ಕಳೆದುಕೊಂಡರು. ಆದ್ದರಿಂದ ಸ್ಥಳೀಯರಿಗೆ ಕೆಲಸ ಕೊಡುವುದು ಬರಿಯ ಔದಾರ್ಯವಲ್ಲ, ನ್ಯಾಯ.

ಕೆಡಹುವ ಮುಖ್ಯ ಗುತ್ತಿಗೆ ನೆಬ್ರಾಸ್ಕದ ಕೀವಿಟ್ ಸಮೂಹಕ್ಕೂ, ನೆಲವನ್ನು ಸರಿಪಡಿಸುವ ಗುತ್ತಿಗೆ ಟೆಕ್ಸಾಸಿನ ಒಂದು ಸಂಸ್ಥೆಗೂ ಹೋದವು. ಹಾಗಾದರೆ ಊರಿನವನಿಗೆ ಉಳಿಯುವುದೇನು? ಕೆಲಸವನ್ನು ಮೂರು ಹಂತಗಳಾಗಿ ವಿಂಗಡಿಸಿ ನೋಡಬಹುದು.

೧. ಪೂರ್ವಸಿದ್ಧತೆ: ರಸ್ತೆ ಸೇತುವೆಗಳನ್ನು ಬಲಪಡಿಸುವುದು, ಐರನ್ ಗೇಟ್ ಸರೋವರವನ್ನು ದಾಟಿ ವೈರೀಕ ಪಟ್ಟಣಕ್ಕೆ ಬರುತ್ತಿದ್ದ ನೀರಿನ ಕೊಳವೆಯನ್ನು ಬದಲಿಸುವುದು ಮುಂತಾದವು. ಇಂಥವುಗಳಲ್ಲಿ ಬಿಡಿಭಾಗಗಳು ಸಣ್ಣ ಕಂಟ್ರಾಕ್ಟರನ ಕೈಗೆ ನಿಲುಕುತ್ತವೆ.

೨. ಕೆಡಹುವುದು: ೨೦೨೪ರ ಜನವರಿಯಲ್ಲಿ ಸರೋವರಗಳನ್ನು ಬರಿದುಮಾಡಿದರು. ಕಾಪ್ಕೊ ಒಂದರ ಕಾಂಕ್ರೀಟನ್ನು ಸಿಡಿಮದ್ದಿನಿಂದ ಒಡೆದರು. ಐರನ್ ಗೇಟ್ ಮಣ್ಣಿನ ಕಟ್ಟೆ. ಅದರ ಮಣ್ಣನ್ನು ಲಾರಿಗಳಲ್ಲಿ ಹೊತ್ತು, ಹಿಂದೆ ಅಗೆದು ತಂದ ಗುಡ್ಡದ ಕಡೆಗೇ ಮರಳಿಸಿದರು. ಸಿಡಿಮದ್ದಿನ ಕೆಲಸ ದೊಡ್ಡ ಸಂಸ್ಥೆಗೇ ಸರಿ. ಆದರೆ ಸಾಗಣೆ, ಯಂತ್ರಗಳ ರಿಪೇರಿ, ಕೆಲಸಗಾರರ ಊಟ ವಸತಿಗಳು ಹತ್ತಿರದವರಿಗೆ ಸುಲಭ.

೩. ಪುನರುಜ್ಜೀವನ: ನೀರಿಳಿದಾಗ ಸುಮಾರು ೨,೨೦೦ ಎಕರೆ ಕೆಸರು ನೆಲ ಹೊರಬಿತ್ತು. ಅದರ ಮೇಲೆ ಬಿತ್ತಲು ಆ ಪ್ರದೇಶದ್ದೇ ಆದ ಹುಲ್ಲು, ಪೊದೆ, ಮರಗಳ ಬೀಜಗಳು ಬೇಕಾದವು. ವರ್ಷಗಳ ಮೊದಲೇ ಯೂರಾಕ್ ಕೆಲಸಗಾರರೂ ಸೇರಿ ಸುತ್ತಲ ಗುಡ್ಡಗಳಲ್ಲಿ ಬೀಜವನ್ನು ಕೈಯಿಂದ ಆಯ್ದರು. ನರ್ಸರಿಗಳಲ್ಲಿ ಅದನ್ನು ಹೆಚ್ಚಿಸಿದರು. ಯಾವ ಇಳಿಜಾರಿನಲ್ಲಿ ಯಾವ ಹುಲ್ಲು ಎಂದು ಬಲಿಯುತ್ತದೆಂಬುದು ಹೊರಗಿನ ಸಂಸ್ಥೆಗಿಂತ ಅಲ್ಲಿ ಬಾಳಿದವನಿಗೆ ಚೆನ್ನಾಗಿ ತಿಳಿದಿರುತ್ತದೆ.

ಅಡಚಣೆಗಳೂ ಉಂಟು. ದೊಡ್ಡ ಕಾಮಗಾರಿಗೆ ಜಾಮೀನು, ವಿಮೆ, ಕಟ್ಟುನಿಟ್ಟಾದ ಲೆಕ್ಕಪತ್ರ ಬೇಕು. ಬಿಲ್ಲಿನ ಹಣ ಕೈಸೇರುವವರೆಗೆ ಕೂಲಿಯನ್ನು ತನ್ನ ಗಂಟಿನಿಂದಲೇ ಕೊಡಬೇಕು. ಕೈಯಲ್ಲಿ ಕಸುಬಿದ್ದರೂ ಬಂಡವಾಳವಿಲ್ಲದವನು ಇಲ್ಲಿ ಸೋಲುತ್ತಾನೆ. ಕಾಮಗಾರಿಯನ್ನು ಸಣ್ಣ ಸಣ್ಣ ಭಾಗಗಳಾಗಿ ಒಡೆಯುವುದು, ಮುಂಚಿತವಾಗಿ ಪ್ರಕಟಿಸುವುದು, ಹಣವನ್ನು ಬೇಗ ಸಲ್ಲಿಸುವುದು ಇದಕ್ಕೆ ಪರಿಹಾರ. ಇವು ಮುಖ್ಯ ಗುತ್ತಿಗೆಗೆ ರುಜು ಬೀಳುವ ಮೊದಲೇ ಕರಾರಿನಲ್ಲಿ ಸೇರಬೇಕು. ಆಮೇಲೆ ಕೇಳಿದರೆ ಅದು ಬೇಡಿಕೆಯಾಗುತ್ತದೆಯೇ ಹೊರತು ಹಕ್ಕಾಗುವುದಿಲ್ಲ.

ಕಾಲಾವಧಿಯನ್ನೂ ಮರೆಯಬಾರದು. ಕೆಡಹುವ ಕೆಲಸ ೨೦೨೪ರ ಅಕ್ಟೋಬರಿನ ಹೊತ್ತಿಗೆ ಮುಗಿಯಿತು; ಅದೇ ತಿಂಗಳು ಸಾಲ್ಮನ್ ಮೀನುಗಳು ಐರನ್ ಗೇಟನ್ನು ದಾಟಿ ಮೇಲೆ ಹೋದವು. ಸಾಲಮಾಡಿ ಲಾರಿ ಕೊಂಡವನ ಕೆಲಸ ಕಟ್ಟೆಯೊಡನೆ ತೀರಿತು. ಸಸಿ ನೆಡುವುದು, ಕಳೆ ಕೀಳುವುದು, ದಡ ಕಾಯುವುದು ಮಾತ್ರ ಹಲವು ವರ್ಷಗಳ ಕೆಲಸ. ಕಟ್ಟೆಯನ್ನು ಕೆಡಹುವುದರಲ್ಲಿ ಹಣ ಹೆಚ್ಚು. ನದಿಯನ್ನು ಸಲಹುವುದರಲ್ಲಿ ಬಾಳಿಕೆ ಹೆಚ್ಚು. ಊರಿನ ಗುತ್ತಿಗೆದಾರನು ತನ್ನ ಪಾಲನ್ನು ಈ ಎರಡನೆಯದರಲ್ಲಿ ಹುಡುಕುವುದು ಲೇಸೆಂದು ನನ್ನ ಅಭಿಪ್ರಾಯ.